ಗುಡ್ಡಗಾಡಿನ ಜೀಪಿನ ಬುಷ್ಷು: ಬಿಗಿಯುವ ಸರಿಯಾದ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಗುಡ್ಡಗಳಲ್ಲಿ ಜೀಪು ಶೋಕಿಯ ವಾಹನವಲ್ಲ. ಪಂಪ್‌ಸೆಟ್ಟು, ಪಲ್ಪರ್, ಸಿಂಪರಣಾ ಯಂತ್ರಗಳಿದ್ದಂತೆ ಅದೂ ಒಂದು ಕೃಷಿ ಉಪಕರಣ. ಮಳೆಗಾಲಕ್ಕೆ ಮೊದಲು ಗೊಬ್ಬರದ ಚೀಲ ಮತ್ತು ಮೈಲುತುತ್ತ, ಕೊಯ್ಲಿನಲ್ಲಿ ಕಾಫಿ ಹಣ್ಣು, ಫೆಬ್ರವರಿ-ಮಾರ್ಚಿಯಲ್ಲಿ ರೊಬಸ್ಟಾ ಗಿಡಗಳ ಹೂಮಳೆಗಾಗಿ ಡೀಸೆಲ್ ಎಂಜಿನ್ನು ಮತ್ತು ಸ್ಪ್ರಿಂಕ್ಲರ್ ಪೈಪುಗಳು, ಇವೆಲ್ಲ ಸಾಗುವುದು ಜೀಪಿನಲ್ಲಿಯೇ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಟಾರು ರಸ್ತೆಯವರೆಗೆ ಇಳಿಸುವುದೂ ಅದೇ. 2019ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡ ಜರಿದು ದಾರಿಗಳು ಮುಚ್ಚಿದ್ದನ್ನು ಕಂಡವರಿಗೆ, ನಂಬಿಕೆಗೆ ಅರ್ಹವಾದ ವಾಹನವೊಂದು ಮನೆಯಲ್ಲಿರುವುದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಬೇಸಾಯದ ಪತ್ರಿಕೆಯಲ್ಲಿ ಜೀಪಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕೆಂಬುದು ಎಲ್ಲ ಬೆಳೆಗಾರರಿಗೂ ತಿಳಿದ ಸಂಗತಿ. ಹಣ್ಣು ತುಂಬಿದ ಜೀಪು ಸಂಜೆ ತೋಟದ ಏರಿನಲ್ಲಿ ಸ್ಪ್ರಿಂಗಿನ ಪ್ಲೇಟು ಮುರಿದು ನಿಂತರೆ, ರಾತ್ರಿಯಿಡೀ ಚೀಲದಲ್ಲಿ ಉಳಿದ ಹಣ್ಣು ಕಾವೇರಿ ಹುಳಿಯುತ್ತದೆ. ವರ್ಷದ ದುಡಿಮೆಯ ಗುಣಮಟ್ಟ ಒಂದೇ ರಾತ್ರಿಯಲ್ಲಿ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ವಾಹನ ಒಂದು ಬದಿಗೆ ಎಳೆದರೆ ಆಗುವ ಅನಾಹುತ ಇದಕ್ಕಿಂತ ದೊಡ್ಡದು. ಇಂತಹ ತೊಂದರೆಗಳ ಮೂಲ ಅನೇಕ ವೇಳೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ರಬ್ಬರ್ ಬುಷ್ಷಿನಲ್ಲಿರುತ್ತದೆ.

ಬುಷ್ಷು ಬೇಗ ಹೋದರೆ ‘ಮಾಲು ಕಳಪೆ’ ಎಂದೋ ‘ದಾರಿ ಕೆಟ್ಟದ್ದು’ ಎಂದೋ ಹೇಳಿ ಸುಮ್ಮನಾಗುವುದು ವಾಡಿಕೆ. ಎರಡೂ ಕಾರಣಗಳಿರಬಹುದು. ಆದರೆ ಹೊಸ ಬುಷ್ಷು ಹಾಕಿ, ಚಕ್ರಗಳು ನೇತಾಡುತ್ತಿರುವಾಗಲೇ ನಟ್ಟನ್ನು ಪೂರ್ತಿ ಬಿಗಿದುಬಿಡುವುದು ಬಹಳ ಕಡೆ ಕಾಣುವ ಮೂರನೆಯ ಕಾರಣ. ಇದನ್ನು ತಪ್ಪಿಸಲು ಹೊಸ ಸಾಮಾನು ಬೇಕಿಲ್ಲ, ಖರ್ಚೂ ಇಲ್ಲ. ಬಿಗಿಯುವ ಕ್ರಮ ತಿಳಿದಿದ್ದರೆ ಸಾಕು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬುಷ್ಷಿನ ವಿಧಗಳು

ಚಾಸಿಸ್ ಮತ್ತು ಆಕ್ಸಲ್‌ಗಳನ್ನು ಜೋಡಿಸುವ ಸ್ಪ್ರಿಂಗು ಅಥವಾ ತೋಳುಗಳು ಮೇಲೆ ಕೆಳಗೆ ಆಡಬೇಕು. ಆಡುವ ಈ ಕೀಲುಗಳಲ್ಲಿ ಬೋಲ್ಟಿಗೂ ಅದು ಹಾದುಹೋಗುವ ಉಂಗುರಕ್ಕೂ ನಡುವೆ ಕೂರುವ ಭಾಗವೇ ಬುಷ್ಷು. ನಮ್ಮ ಗುಡ್ಡಗಳಲ್ಲಿ ಓಡುವ ವಾಹನಗಳಲ್ಲಿ ಮುಖ್ಯವಾಗಿ ಮೂರು ಬಗೆಯವು ಕಂಡುಬರುತ್ತವೆ.

ಮೊದಲನೆಯದು ಲೋಹದ ಬುಷ್ಷು. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಪಟ್ಟಿ ಸ್ಪ್ರಿಂಗಿನ ಒಂದು ತುದಿಯನ್ನು ‘ಯು’ ಆಕಾರದ ಶಾಕಲ್ ಹಿಡಿದಿರುತ್ತದೆ. ಶಾಕಲ್ಲಿನ ಎರಡೂ ಕಾಲುಗಳಿಗೆ ಥ್ರೆಡ್ಡು ಇದ್ದು, ಅವುಗಳ ಮೇಲೆ ಥ್ರೆಡ್ಡುಳ್ಳ ಲೋಹದ ಬುಷ್ಷು ತಿರುಗುತ್ತದೆ. ಇದಕ್ಕೆ ಗ್ರೀಸ್ ನಿಪ್ಪಲ್ ಇರುತ್ತದೆ ಮತ್ತು ಕಾಲಕಾಲಕ್ಕೆ ಗ್ರೀಸ್ ಹಾಕಲೇಬೇಕು.

ಎರಡನೆಯದು ರಬ್ಬರ್ ಬುಷ್ಷು. ಗ್ಯಾರೇಜುಗಳಲ್ಲಿ ‘ಸೈಲೆಂಟ್ ಬುಷ್’ ಎಂದು ಕರೆಯುವುದು ಇದರದೇ ಒಂದು ರೂಪವನ್ನು. ಅದರಲ್ಲಿ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು ಇರುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ನಾಲ್ಕೂ ಮೂಲೆಯಲ್ಲಿ ಪಟ್ಟಿ ಸ್ಪ್ರಿಂಗುಗಳಿದ್ದು, ಅವುಗಳ ತುದಿಯ ಕಣ್ಣುಗಳಲ್ಲಿ ರಬ್ಬರ್ ಬುಷ್ಷುಗಳಿವೆ. 2000ದಲ್ಲಿ ಬಂದ ಬೊಲೆರೊ ವಾಹನದ ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗು, ಮುಂಬದಿಯಲ್ಲಿ ತೋಳುಗಳಿವೆ. 2020ರ ಹೊಸ ಥಾರ್ ಮತ್ತು 2023ರ ಜಿಮ್ನಿಯಲ್ಲಿ ಪಟ್ಟಿಗಳಿಲ್ಲ, ಸುರುಳಿ ಸ್ಪ್ರಿಂಗುಗಳಿವೆ. ಆಕ್ಸಲ್ಲನ್ನು ಅದರ ಸ್ಥಾನದಲ್ಲಿ ಹಿಡಿಯುವುದು ತೋಳುಗಳು. ಆ ತೋಳುಗಳ ತುದಿಗಳಲ್ಲಿ ರಬ್ಬರ್ ಬುಷ್ಷುಗಳಿರುತ್ತವೆ. ವಾಹನ ಹೊಸದಾದಷ್ಟೂ ಇವುಗಳ ಸಂಖ್ಯೆ ಹೆಚ್ಚು.

ಮೂರನೆಯದು ಪಾಲಿಯುರೆಥೇನ್ ಬುಷ್ಷು. ಇದು ಬಣ್ಣಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಗುಡ್ಡದ ಓಟಕ್ಕೆಂದು ಕೆಲವರು ರಬ್ಬರಿನ ಬದಲು ಇದನ್ನು ಹಾಕಿಸುತ್ತಾರೆ.

ಈ ಮೂರನ್ನೂ ಒಂದೇ ರೀತಿ ನೋಡಿಕೊಳ್ಳಬಾರದು. ಲೋಹದ್ದಕ್ಕೆ ಗ್ರೀಸ್ ಅಮೃತ. ರಬ್ಬರಿಗೆ ಅದೇ ಗ್ರೀಸ್ ವಿಷ.

ರಬ್ಬರ್ ಬುಷ್ಷು ಕೆಲಸ ಮಾಡುವ ಬಗೆ

ಬಾಗಿಲಿನ ತಿರುಗಣಿಯಲ್ಲಿ ಒಂದು ಲೋಹ ಇನ್ನೊಂದರ ಮೇಲೆ ಜಾರುತ್ತದೆ. ರಬ್ಬರ್ ಬುಷ್ಷು ಹಾಗಲ್ಲ. ಅಲ್ಲಿ ಯಾವುದೂ ಜಾರುವುದಿಲ್ಲ. ಬೋಲ್ಟನ್ನು ಬಿಗಿದಾಗ ಒಳಗಿನ ಉಕ್ಕಿನ ಕೊಳವೆ ಬ್ರಾಕೆಟ್ಟಿನ ಎರಡು ಗೋಡೆಗಳ ನಡುವೆ ಅಲುಗಾಡದಂತೆ ಸಿಕ್ಕಿಕೊಳ್ಳುತ್ತದೆ. ಹೊರಗಿನ ಕೊಳವೆ ಸ್ಪ್ರಿಂಗಿನ ಕಣ್ಣಿನಲ್ಲೋ ತೋಳಿನ ತುದಿಯಲ್ಲೋ ಬಿಗಿಯಾಗಿ ಕೂತಿರುತ್ತದೆ. ಚಕ್ರ ಏರಿಳಿದಾಗ ಹೊರಕೊಳವೆ ತಿರುಗುತ್ತದೆ, ಒಳಕೊಳವೆ ತಿರುಗುವುದಿಲ್ಲ. ನಡುವಿನ ರಬ್ಬರು ತಿರುಚಿಕೊಂಡು ಈ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ಚಕ್ರ ಮೊದಲಿನ ಮಟ್ಟಕ್ಕೆ ಬಂದಾಗ ರಬ್ಬರೂ ಬಿಚ್ಚಿಕೊಂಡು ವಿಶ್ರಾಂತಿ ಪಡೆಯುತ್ತದೆ.

ನಟ್ಟನ್ನು ಬಿಗಿದ ಗಳಿಗೆಯಲ್ಲಿ ಚಕ್ರ ಯಾವ ಮಟ್ಟದಲ್ಲಿತ್ತೋ ಅದೇ ಮಟ್ಟ ಆ ರಬ್ಬರಿನ ವಿಶ್ರಾಂತಿಯ ಮಟ್ಟವಾಗುತ್ತದೆ. ಆದುದರಿಂದ ಬಿಗಿಯುವಾಗ ವಾಹನ ತನ್ನ ಭಾರವನ್ನು ತನ್ನ ಚಕ್ರಗಳ ಮೇಲೆ ಹೊತ್ತು, ಸಹಜ ಎತ್ತರದಲ್ಲಿ ನಿಂತಿರಬೇಕು.

ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಚಾಸಿಸ್ಸನ್ನು ಜಾಕಿನಿಂದ ಎತ್ತಿ ಚಕ್ರ ನೇತಾಡುವಾಗ ಇರುವ ಸ್ಥಿತಿಗೂ, ನೆಲದ ಮೇಲೆ ನಿಂತಾಗಿನ ಸ್ಥಿತಿಗೂ ಬುಷ್ಷಿನಲ್ಲಿ 20 ಡಿಗ್ರಿ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳೋಣ. ನಿಂತ ಸ್ಥಿತಿಯಿಂದ ಚಕ್ರ ಕಲ್ಲು ಹತ್ತಿ ಪೂರ್ತಿ ಮೇಲೇರಿದಾಗ ಇನ್ನು 15 ಡಿಗ್ರಿ. ನೆಲದ ಮೇಲೆ ನಿಲ್ಲಿಸಿ ಬಿಗಿದಿದ್ದರೆ ರಬ್ಬರು ಒಂದು ಕಡೆಗೆ 20, ಇನ್ನೊಂದು ಕಡೆಗೆ 15 ಡಿಗ್ರಿ ತಿರುಚಿಕೊಳ್ಳುತ್ತದೆ; ವಾಹನ ನಿಂತಿರುವಾಗ ತಿರುಚೇ ಇಲ್ಲ. ನೇತಾಡುವಾಗ ಬಿಗಿದಿದ್ದರೆ ವಾಹನವನ್ನು ನೆಲಕ್ಕಿಳಿಸಿದ ಕೂಡಲೇ 20 ಡಿಗ್ರಿ ತಿರುಚು ಬೀಳುತ್ತದೆ. ರಾತ್ರಿ ಶೆಡ್ಡಿನಲ್ಲಿ ನಿಂತಿದ್ದರೂ ಅದು ಬಿಡದು. ಕಲ್ಲು ಹತ್ತಿದಾಗ ಅದು 35 ಡಿಗ್ರಿ ಆಗುತ್ತದೆ. ಕೋನಗಳು ವಾಹನದಿಂದ ವಾಹನಕ್ಕೆ ಬೇರೆ ಬೇರೆ. ಆದರೆ ಲೆಕ್ಕದ ತಿರುಳು ಎಲ್ಲಕ್ಕೂ ಒಂದೇ. ಹಸುವಿನ ಕಣ್ಣಿಯನ್ನು ಗೂಟಕ್ಕೆ ನಾಲ್ಕು ಸುತ್ತು ಸುತ್ತಿ, ಆಮೇಲೆ ಮೇಯಲು ಬಿಟ್ಟಂತೆ ಇದು. ಹಸು ಸ್ವಲ್ಪ ಸರಿದರೂ ಹಗ್ಗ ಎಳೆಯುತ್ತದೆ.

ಹೀಗೆ ಸದಾ ತಿರುಚಿಕೊಂಡ ರಬ್ಬರಿನಲ್ಲಿ ಮೊದಲು ಅಂಚಿನಲ್ಲಿ ಓರೆ ಬಿರುಕುಗಳು ಕಾಣುತ್ತವೆ. ನಂತರ ರಬ್ಬರು ಉಕ್ಕಿನಿಂದ ಬಿಟ್ಟುಕೊಳ್ಳುತ್ತದೆ. ತಿರುಚಿದ ರಬ್ಬರು ಒಂದು ಸ್ಪ್ರಿಂಗಿನಂತೆಯೂ ವರ್ತಿಸುವುದರಿಂದ ವಾಹನ ಒರಟಾಗಿ ಕುಲುಕುತ್ತದೆ. ಒಂದು ಬದಿಯ ಬುಷ್ಷನ್ನು ಮಾತ್ರ ಬದಲಾಯಿಸಿ ಎತ್ತಿದ ಸ್ಥಿತಿಯಲ್ಲಿ ಬಿಗಿದಿದ್ದರೆ, ಆ ಬದಿ ಕೊಂಚ ಎತ್ತರವಾಗಿ ನಿಲ್ಲುವುದೂ ಉಂಟು.

ತಪ್ಪು ಎಲ್ಲಿ ಆಗುತ್ತದೆ?

ಇದಕ್ಕೆ ಮೆಕ್ಯಾನಿಕ್ಕನ್ನು ಮಾತ್ರ ದೂರುವುದು ನ್ಯಾಯವಲ್ಲ. ಬುಷ್ಷು ಬಿಚ್ಚಲು ಚಾಸಿಸ್ಸನ್ನು ಎತ್ತಲೇಬೇಕು. ಎತ್ತಿದಾಗ ಕೈ ಆಡಿಸಲು ಜಾಗವಿರುತ್ತದೆ. ಪಾನ ಸಲೀಸಾಗಿ ತಿರುಗುತ್ತದೆ. ಹಾಕಿದ ಕೈಯಲ್ಲೇ ಬಿಗಿದು ಮುಗಿಸುವುದು ಮನುಷ್ಯ ಸ್ವಭಾವ. ಹಳೆಯ ಲೋಹದ ಬುಷ್ಷುಗಳ ಕಾಲದಲ್ಲಿ ಹಾಗೆ ಮಾಡಿದರೆ ಬಾಧಕವಿರಲಿಲ್ಲ, ಏಕೆಂದರೆ ಅಲ್ಲಿ ಲೋಹ ಗ್ರೀಸಿನ ಮೇಲೆ ತಿರುಗುತ್ತಿತ್ತು. ವಾಹನ ಬದಲಾಯಿತು, ಕೈಯ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ವಾಹನದ ಒಡೆಯನು ‘ನೆಲಕ್ಕಿಳಿಸಿ ಬಿಗಿಯಿರಿ’ ಎಂದು ಕೇಳಿದರೆ ಸಾಕು, ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಬುಷ್ಷು ಕೆಟ್ಟಿರುವ ಲಕ್ಷಣಗಳು

1. ಕಲ್ಲುದಾರಿಯಲ್ಲಿ ನಿಧಾನವಾಗಿ ಹೋಗುವಾಗ ಅಡಿಯಿಂದ ‘ಕಟ ಕಟ’ ಶಬ್ದ. ಬ್ರೇಕು ಒತ್ತಿದಾಗ ಅಥವಾ ಗೇರು ಹಾಕಿ ಹೊರಟಾಗ ಒಮ್ಮೆ ‘ಟಕ್’ ಎಂಬ ಸದ್ದು.

2. ಸ್ಟೀರಿಂಗು ನೇರವಾಗಿ ಹಿಡಿದಿದ್ದರೂ ವಾಹನ ಅತ್ತಿತ್ತ ಅಲೆಯುವುದು. ಬ್ರೇಕಿನಲ್ಲಿ ಒಂದು ಬದಿಗೆ ಎಳೆಯುವುದು. ಒಂದು ಬದಿಯ ಬುಷ್ಷು ಸವೆದಾಗ ಆಕ್ಸಲ್ಲಿನ ಆ ತುದಿ ಹಿಂದೆ ಮುಂದೆ ಸರಿಯುವುದೇ ಇದಕ್ಕೆ ಕಾರಣ.

3. ಟೈರುಗಳು ಒಂದೇ ಅಂಚಿನಲ್ಲಿ ಸವೆಯುವುದು.

4. ಕೀಲಿನ ಸುತ್ತ ಕಪ್ಪು ರಬ್ಬರಿನ ಪುಡಿ, ಅಥವಾ ಬೋಲ್ಟಿನ ತಲೆಯಿಂದ ಇಳಿದ ತುಕ್ಕಿನ ಗೆರೆ.

5. ಒಳಕೊಳವೆ ರಬ್ಬರಿನ ನಡುಮಧ್ಯದಲ್ಲಿ ಇರದೆ ಒಂದು ಕಡೆಗೆ ವಾಲಿರುವುದು.

ಸಂಶಯವಿದ್ದರೆ ಚಿಕ್ಕ ಹಾರೆಯೊಂದನ್ನು ಸ್ಪ್ರಿಂಗಿನ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ಇಟ್ಟು ಮೆಲ್ಲಗೆ ಮೀಟಿ ನೋಡಬೇಕು. ರಬ್ಬರು ಸ್ವಲ್ಪ ಬಾಗುವುದು ಸಹಜ. ಲೋಹಕ್ಕೆ ಲೋಹ ತಾಗಿದ ಸದ್ದು ಬಂದರೆ ಆ ಬುಷ್ಷಿನ ಆಯುಸ್ಸು ಮುಗಿದಿದೆ. ಹಾಗೆಯೇ ಬಿಟ್ಟರೆ ಬೋಲ್ಟು ಸ್ಪ್ರಿಂಗಿನ ಕಣ್ಣನ್ನೇ ತಿನ್ನುತ್ತದೆ. ಬುಷ್ಷಿನ ಖರ್ಚು ಮೇನ್ ಪ್ಲೇಟಿನ ಖರ್ಚಾಗಿ ಬೆಳೆಯುತ್ತದೆ.

ಕೆಲಸಕ್ಕೆ ಮೊದಲು: ಜಾಗ ಮತ್ತು ಸುರಕ್ಷತೆ

ಗುಡ್ಡದ ಊರುಗಳಲ್ಲಿ ಸಮತಟ್ಟಾದ ಗಟ್ಟಿ ನೆಲ ಅಪರೂಪ. ಕಾಫಿ ಒಣಗಿಸುವ ಸಿಮೆಂಟು ಕಣ ಇದಕ್ಕೆ ತಕ್ಕ ಜಾಗ. ಆದರೆ ಕಣದ ಒಂದು ಮೂಲೆಯನ್ನು ಮಾತ್ರ ಬಳಸಿ, ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸತಕ್ಕದ್ದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕಣದಲ್ಲಿ ಸುರಿದ ಡೀಸೆಲ್ಲಿನ ವಾಸನೆ ಬೀಜಕ್ಕೆ ಹತ್ತಿದರೆ ಬಟ್ಟಲಿನ ರುಚಿಯಲ್ಲಿ ಅದು ತಿಳಿಯುತ್ತದೆ. ಕಣದಲ್ಲಿ ಕಾಫಿ ಇರುವ ತಿಂಗಳುಗಳಲ್ಲಿ ಈ ಕೆಲಸವನ್ನು ಅಲ್ಲಿ ಮಾಡಕೂಡದು.

ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಅಡೆ ಕೊಡಲೇಬೇಕು. ಹ್ಯಾಂಡ್‌ಬ್ರೇಕನ್ನು ಮಾತ್ರ ನಂಬುವುದು ಅಪಾಯ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದರೆ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ಕಡೆಗೂ ನೆಲದಲ್ಲಿರುವ ಚಕ್ರ ಇನ್ನೊಂದು ಕಡೆಗೂ ತಿರುಗಿ ಜೀಪು ಉರುಳಬಲ್ಲದು. ಗೇರಿನಲ್ಲಿ ನಿಲ್ಲಿಸಿದರೂ ಇದೇ ಅಪಾಯವಿದೆ.

ಜಾಕಿನ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಯಾರೂ ನುಗ್ಗಬಾರದು. ಉಕ್ಕಿನ ಸ್ಟ್ಯಾಂಡು ಕೊಡಬೇಕು. ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಬ್ಲಾಕ್ ಇವು ಭಾರ ಬಿದ್ದಾಗ ಸುಳಿವೇ ಕೊಡದೆ ಒಡೆಯುತ್ತವೆ.

ಹೊಸ ಬುಷ್ಷು ಕೂರಿಸಿ ಬಿಗಿಯುವ ಕ್ರಮ

1. ವಾಹನವನ್ನು ಎತ್ತುವ ಮೊದಲೇ, ಖಾಲಿ ವಾಹನದಲ್ಲಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಬೇಕು. ಇದೇ ಸಹಜ ಎತ್ತರ.

2. ಹಳೆಯ ಬುಷ್ಷು ತೆಗೆಯುವ ಮುನ್ನ ಅದು ಕೂತ ದಿಕ್ಕನ್ನು ಗುರುತು ಮಾಡಬೇಕು. ಕೆಲವು ತೋಳಿನ ಬುಷ್ಷುಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸೀಳುಗಳಿರುತ್ತವೆ. ಹೊಸತನ್ನೂ ಅದೇ ದಿಕ್ಕಿನಲ್ಲಿ ಕೂರಿಸಬೇಕು.

3. ಕಣ್ಣಿನ ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯಬೇಕು. ಬುಷ್ಷನ್ನು ಹೊರಕೊಳವೆಯ ಅಂಚು ಹಿಡಿದು ಪ್ರೆಸ್ಸಿನಿಂದ ಅಥವಾ ಉದ್ದ ಬೋಲ್ಟಿನ ಸಹಾಯದಿಂದ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಒಳಕೊಳವೆಗೆ ಹೊಡೆದರೆ ರಬ್ಬರಿನ ಅಂಟು ಬಿಡುತ್ತದೆ. ಜಾರಲು ಸಾಬೂನಿನ ನೀರು ಸಾಕು. ಎಣ್ಣೆ, ಗ್ರೀಸ್ ಸಲ್ಲದು.

4. ಬೋಲ್ಟುಗಳನ್ನು ತೂರಿಸಿ ನಟ್ಟನ್ನು ಕೈಯಿಂದ ತಿರುಗುವಷ್ಟೇ ಹಾಕಬೇಕು. ಈ ಹಂತದಲ್ಲಿ ಪಾನದಿಂದ ಬಿಗಿಯಕೂಡದು.

5. ಚಕ್ರ ಹಾಕಿ, ಸ್ಟ್ಯಾಂಡು ತೆಗೆದು, ವಾಹನವನ್ನು ಪೂರ್ತಿ ನೆಲಕ್ಕಿಳಿಸಬೇಕು.

6. ಅಡೆಗಳನ್ನು ತೆಗೆದು, ಸಮತಟ್ಟಾದ ನೆಲದಲ್ಲಿ ಇಬ್ಬರು ಮೂವರು ಸೇರಿ ವಾಹನವನ್ನು ಮೂರು ನಾಲ್ಕು ಮೀಟರ್ ಹಿಂದೆ ಮುಂದೆ ತಳ್ಳಬೇಕು. ಮೂಲೆಗಳನ್ನು ಒತ್ತಿ ಒತ್ತಿ ಬಿಡಬೇಕು. ಎತ್ತಿ ಇಳಿಸಿದಾಗ ಟೈರುಗಳು ನೆಲಕ್ಕೆ ಕಚ್ಚಿಕೊಂಡು ಸ್ಪ್ರಿಂಗು ಪೂರ್ತಿ ಕೂರದೆ ಉಳಿಯುತ್ತದೆ. ಉರುಳಿಸಿದ ಮೇಲೆಯೇ ಅದು ತನ್ನ ಜಾಗಕ್ಕೆ ಬರುತ್ತದೆ. ಮೊದಲು ಬರೆದಿಟ್ಟ ಎತ್ತರದೊಡನೆ ಹೋಲಿಸಿ ನೋಡಬೇಕು.

7. ಮತ್ತೆ ಅಡೆ ಕೊಟ್ಟು, ವಾಹನ ಚಕ್ರಗಳ ಮೇಲೆ ನಿಂತಿರುವಾಗಲೇ ನಟ್ಟುಗಳನ್ನು ಬಿಗಿಯಬೇಕು. ಶಾಕಲ್ಲಿನ ಎರಡು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯ ಮೇಲೆ ಬಿಗಿಯುವುದು ಒಳ್ಳೆಯದು. ಅಡಿಯಲ್ಲಿ ಜಾಗ ಸಾಲದಿದ್ದರೆ ನಾಲ್ಕೂ ಚಕ್ರಗಳನ್ನು ಒಂದೇ ದಪ್ಪದ, ಅಗಲವಾದ ಮರದ ಹಲಗೆಗಳ ಮೇಲೆ ಹತ್ತಿಸಿ ನಿಲ್ಲಿಸಬಹುದು. ತೋಟದಲ್ಲಿ ಕಡಿದ ಸಿಲ್ವರ್ ಓಕಿನ ದಪ್ಪ ಹಲಗೆ ಇದಕ್ಕೆ ಆಗುತ್ತದೆ.

8. ಚಕ್ರ ಇಳಿಸಿ ಬಿಗಿಯಲು ಸಾಧ್ಯವೇ ಇಲ್ಲದ ಕೀಲಾದರೆ, ಚಾಸಿಸ್ಸು ಸ್ಟ್ಯಾಂಡಿನ ಮೇಲಿರುವಾಗ ಇನ್ನೊಂದು ಜಾಕನ್ನು ಆಕ್ಸಲ್ಲಿನ ಅಡಿಗೆ ಇಟ್ಟು, ಬರೆದಿಟ್ಟ ಸಹಜ ಎತ್ತರ ಬರುವವರೆಗೆ ಆಕ್ಸಲ್ಲನ್ನು ಮೇಲೆತ್ತಿ ಬಿಗಿಯಬಹುದು. ಹೀಗೆ ಎತ್ತುವಾಗ ಚಾಸಿಸ್ಸು ಸ್ಟ್ಯಾಂಡು ಬಿಟ್ಟು ಮೇಲೇಳದಂತೆ ನೋಡಿಕೊಳ್ಳಬೇಕು.

9. ಬಿಗಿದ ನಟ್ಟು ಮತ್ತು ಬ್ರಾಕೆಟ್ಟಿನ ಮೇಲೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯಬೇಕು. ಗೆರೆ ತುಂಡಾಗಿ ಕಂಡ ದಿನ ನಟ್ಟು ಸಡಿಲಿದೆ ಎಂದು ಕೂಡಲೇ ತಿಳಿಯುತ್ತದೆ.

10. ಒಂದು ವಾರದ ಓಡಾಟದ ನಂತರ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ಪಟ್ಟಿ ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ‘ಯು’ ಬೋಲ್ಟುಗಳ ನಾಲ್ಕು ನಟ್ಟುಗಳನ್ನೂ ಅಡ್ಡಡ್ಡ ಮೂಲೆಗಳ ಕ್ರಮದಲ್ಲಿ ಬಿಗಿ ನೋಡುವುದನ್ನು ಮರೆಯಬಾರದು. ಅವು ಸಡಿಲವಾದರೆ ನಡುಬೋಲ್ಟು ತುಂಡಾಗಿ ಆಕ್ಸಲ್ಲೇ ಸರಿಯುತ್ತದೆ.

ಈಗಾಗಲೇ ಎತ್ತಿದ ಸ್ಥಿತಿಯಲ್ಲಿ ಬಿಗಿಸಿಕೊಂಡು ಬಂದ ಜೀಪಿಗೂ ಪರಿಹಾರವಿದೆ. ರಬ್ಬರು ಹರಿಯದೆ ಇದ್ದರೆ ಹೊಸ ಬುಷ್ಷು ಬೇಕಿಲ್ಲ. ವಾಹನವನ್ನು ಸಮತಟ್ಟಿನಲ್ಲಿ ಚಕ್ರಗಳ ಮೇಲೆ ನಿಲ್ಲಿಸಿ, ಅಡೆ ಕೊಟ್ಟು, ಒಂದು ಕೀಲಿನ ನಟ್ಟನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಬೇಕು, ಬೋಲ್ಟನ್ನು ಹೊರತೆಗೆಯಬಾರದು. ಒಳಕೊಳವೆ ಬಿಡುಗಡೆಯಾಗಿ ರಬ್ಬರು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಮೂಲೆಯನ್ನು ನಾಲ್ಕಾರು ಸಲ ಒತ್ತಿಬಿಟ್ಟು ಮತ್ತೆ ಬಿಗಿಯಬೇಕು. ಅನಂತರ ಮುಂದಿನ ಕೀಲು. ಹೀಗೆ ಒಂದೊಂದಾಗಿ ಮುಗಿಸಿದರೆ ಬೆಳಗಿನ ಹೊತ್ತಿನಲ್ಲೇ ಕೆಲಸ ಆಗುತ್ತದೆ.

ಎಷ್ಟು ಬಿಗಿಯಬೇಕು?

ನಟ್ಟು ಸಡಿಲವಾಗಿದ್ದರೆ ಒಳಕೊಳವೆ ಬ್ರಾಕೆಟ್ಟಿನಲ್ಲಿ ಕಚ್ಚಿಕೊಳ್ಳದೆ ಬೋಲ್ಟಿನ ಮೇಲೆಯೇ ತಿರುಗಿ, ಬೋಲ್ಟನ್ನೂ ಬ್ರಾಕೆಟ್ಟಿನ ತೂತನ್ನೂ ಸವೆಸುತ್ತದೆ. ಪಾನಕ್ಕೆ ಪೈಪು ತೊಡಿಸಿ ಬಲವಿದ್ದಷ್ಟು ಎಳೆದರೆ ಬೋಲ್ಟು ಹಿಗ್ಗಿ ದುರ್ಬಲವಾಗುತ್ತದೆ. ಎರಡೂ ಸರಿಯಲ್ಲ. ಪ್ರತಿ ವಾಹನದ ಕೈಪಿಡಿಯಲ್ಲಿ ಪ್ರತಿ ನಟ್ಟಿಗೂ ಬಿಗಿಯ ಅಳತೆ ಕೊಟ್ಟಿರುತ್ತಾರೆ. ಆ ಅಳತೆಯನ್ನೇ ಅನುಸರಿಸಬೇಕು.

ಅಳತೆ ತೋರಿಸುವ ಟಾರ್ಕ್ ಪಾನ ಇದ್ದರೆ ಉತ್ತಮ. ಇಲ್ಲದವರು ಸಂಜೆ ಹಣ್ಣು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನೇ ಬಳಸಬಹುದು. ಬಿಗಿಯ ಅಳತೆ ಎಂದರೆ ಹಿಡಿಯ ಉದ್ದವನ್ನು ಎಳೆಯುವ ಬಲದಿಂದ ಗುಣಿಸಿದ್ದು. ನಟ್ಟಿನ ಮಧ್ಯದಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ ಪಾನದ ಹಿಡಿಗೆ ತಕ್ಕಡಿಯ ಕೊಕ್ಕೆ ಹಾಕಿ, ಹಿಡಿಗೆ ಲಂಬವಾಗಿ ಎಳೆದಾಗ ತಕ್ಕಡಿ 20 ಕಿಲೋ ತೋರಿಸಿದರೆ, ಬಿಗಿ 10 ಕಿಲೋಗ್ರಾಂ-ಮೀಟರ್. ಈಗಿನ ಅಳತೆಯಲ್ಲಿ ಸುಮಾರು 98 ನ್ಯೂಟನ್-ಮೀಟರ್. ಕೈಪಿಡಿಯ ಅಂಕೆಗೆ ತಕ್ಕಂತೆ ಎಷ್ಟು ಕಿಲೋ ಎಳೆಯಬೇಕೆಂದು ಹೀಗೆ ಲೆಕ್ಕ ಹಾಕಬಹುದು. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ.

ಕೈಪಿಡಿ ಬೇರೆ ಹೇಳದ ಹೊರತು ಥ್ರೆಡ್ಡಿಗೆ ಎಣ್ಣೆ ಹಚ್ಚಬಾರದು. ಎಣ್ಣೆ ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ, ಅದೇ ಎಳೆತಕ್ಕೆ ಬೋಲ್ಟಿನ ಮೇಲೆ ಹೆಚ್ಚು ಸೆಳೆತ ಬೀಳುತ್ತದೆ. ನೈಲಾನ್ ಉಂಗುರವಿರುವ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸತು ಹಾಕುವುದೇ ಕ್ಷೇಮ.

ಹಳೆಯ ಜೀಪಿನ ಶಾಕಲ್ಲು

ವಿಲ್ಲಿಸ್ ಮಾದರಿಯ ಜೀಪನ್ನು ಇಂದಿಗೂ ಓಡಿಸುವವರಿಗೆ ನಿಯಮ ಬೇರೆ. ಅಲ್ಲಿ ‘ಯು’ ಶಾಕಲ್ಲನ್ನು ಒತ್ತಿ ಹಿಡಿದು ಮೇಲಿನ ಬುಷ್ಷನ್ನು ಅರ್ಧದವರೆಗೆ, ನಂತರ ಕೆಳಗಿನದನ್ನು ಅರ್ಧದವರೆಗೆ ತಿರುಗಿಸಿ, ಆಮೇಲೆ ಸರದಿಯ ಮೇಲೆ ಎರಡನ್ನೂ ಒಳಗೆ ಕಳಿಸಬೇಕು. ಚಾಸಿಸ್ ಬದಿಯ ಬುಷ್ಷಿನ ತಲೆ ಬ್ರಾಕೆಟ್ಟಿಗೆ ತಾಗಿ ಕೂರಬೇಕು. ಸ್ಪ್ರಿಂಗಿನ ಕಣ್ಣಿನ ಬದಿಯ ಬುಷ್ಷಿನ ತಲೆಗೂ ಸ್ಪ್ರಿಂಗಿಗೂ ನಡುವೆ ಒಂದು ಅಂಗುಲದ 32ನೇ ಒಂದು ಭಾಗ, ಅಂದರೆ ಸುಮಾರು 0.8 ಮಿಲಿಮೀಟರ್ ಸಂದು ಇರಬೇಕು. ಗ್ರೀಸ್ ತುಂಬಿದ ಮೇಲೆ ಶಾಕಲ್ಲು ಸಲೀಸಾಗಿ ಆಡಬೇಕು. ಬಿಗಿಹಿಡಿದರೆ ಸ್ಪ್ರಿಂಗಿನ ಪ್ಲೇಟು ಮುರಿಯುವುದು ಖಚಿತ. ಬಿಚ್ಚಿ ಮತ್ತೆ ಹೊಂದಿಸಬೇಕು. ಕೆಲವು ಶಾಕಲ್ಲುಗಳಿಗೆ ಎಡಗೈ ಥ್ರೆಡ್ಡು ಇರುವುದರಿಂದ ಬಿಚ್ಚುವಾಗ ಬಲವಂತ ಮಾಡಬಾರದು.

ಪಾಲಿಯುರೆಥೇನ್ ಬುಷ್ಷಿನಲ್ಲಿ ಒಳಕೊಳವೆ ಬುಷ್ಷಿಗೆ ಅಂಟಿರುವುದಿಲ್ಲ. ಅದರೊಳಗೆ ಜಾರಿ ತಿರುಗುತ್ತದೆ. ಹೀಗಾಗಿ ತಿರುಚಿನ ಭಯ ಕಡಿಮೆ. ಆದರೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸನ್ನು ಕಾಲಕಾಲಕ್ಕೆ ಹಚ್ಚದಿದ್ದರೆ ಕೀಚಲು ಸದ್ದು ಬರುತ್ತದೆ. ರಬ್ಬರಿಗಿಂತ ಇದು ಗಡುಸು. ಕಲ್ಲಿನ ಏಟು ಹೆಚ್ಚಾಗಿ ಚಾಸಿಸ್ಸಿಗೆ ಮುಟ್ಟುತ್ತದೆ ಎಂಬುದನ್ನೂ ಯೋಚಿಸಿ ಹಾಕಿಸಬೇಕು.

ತೋಟದಲ್ಲಿರುವ ರಬ್ಬರಿನ ಶತ್ರುಗಳು

ಸರಿಯಾಗಿ ಬಿಗಿದ ಬುಷ್ಷಿಗೂ ನಮ್ಮ ತೋಟಗಳಲ್ಲಿ ಕೆಲವು ಶತ್ರುಗಳಿವೆ. ತುಕ್ಕು ಹಿಡಿಯದಿರಲೆಂದು ಮಳೆಗಾಲಕ್ಕೆ ಮೊದಲು ವಾಹನದ ಅಡಿಗೆ ಡೀಸೆಲ್ ಅಥವಾ ಹಳೆಯ ಎಂಜಿನ್ ಎಣ್ಣೆ ಎರಚುವ ರೂಢಿ ಮೊದಲನೆಯದು. ಕಬ್ಬಿಣಕ್ಕೆ ಇದರಿಂದ ಒಳಿತಾಗಬಹುದು. ಆದರೆ ನೈಸರ್ಗಿಕ ರಬ್ಬರು ಎಣ್ಣೆಯನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಎರಚಲೇಬೇಕಾದರೆ ಬುಷ್ಷುಗಳಿಗೆ ಪ್ಲಾಸ್ಟಿಕ್ ಸುತ್ತಿ ಎರಚಬೇಕು.

ಎರಡನೆಯದು ಮೈಲುತುತ್ತ. ಎಲೆ ತುಕ್ಕುರೋಗಕ್ಕೆ ಶೇಕಡಾ 0.5ರ, ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಡ್ರಮ್ಮಿನಲ್ಲಿ ತುಂಬಿ ಜೀಪಿನಲ್ಲಿ ಸಾಗಿಸುವುದುಂಟು. ತಾಮ್ರದ ಅಂಶವು ನೈಸರ್ಗಿಕ ರಬ್ಬರಿನ ಮುಪ್ಪನ್ನು ತ್ವರಿತಗೊಳಿಸುತ್ತದೆ, ಉಕ್ಕನ್ನೂ ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡು ತೇವದೊಡನೆ ಸೇರಿ ಬೋಲ್ಟುಗಳಿಗೆ ತುಕ್ಕು ತರುತ್ತದೆ. ಸಿಂಪರಣೆ ಮತ್ತು ಗೊಬ್ಬರ ಸಾಗಣೆಯ ದಿನ ಸಂಜೆ ಜೀಪಿನ ಹಿಂಭಾಗ ಮತ್ತು ಅಡಿಭಾಗವನ್ನು ಧಾರಾಳವಾಗಿ ನೀರಿನಿಂದ ತೊಳೆಯತಕ್ಕದ್ದು.

ಮೂರನೆಯದು ಅತಿಭಾರ. 50 ಕಿಲೋದ 12 ಚೀಲ ಹೇರಿದರೆ 600 ಕಿಲೋ ಆಯಿತು. ಅದರ ಮೇಲೆ ನಾಲ್ವರು ಹತ್ತಿದರೆ ಬುಷ್ಷು ಮಾತ್ರವಲ್ಲ, ಬ್ರೇಕೂ ಸೋಲುತ್ತದೆ. ವಾಹನದ ಪುಸ್ತಕದಲ್ಲಿ ಬರೆದ ಭಾರದ ಮಿತಿಯನ್ನು ಇಳಿಜಾರಿನಲ್ಲಿ ಮೀರಲೇಬಾರದು.

ವರ್ಷದ ವೇಳಾಪಟ್ಟಿ

ಮೇ ತಿಂಗಳ ಕೊನೆಯಲ್ಲಿ, ಮೃಗಶಿರ ಮಳೆ ಹಿಡಿಯುವ ಮೊದಲು: ಎಲ್ಲ ಬುಷ್ಷುಗಳ ಪರೀಕ್ಷೆ, ಬಿರಿದವನ್ನು ಎಡ-ಬಲ ಜೊತೆಯಾಗಿ ಬದಲಾಯಿಸುವುದು.

ಅಕ್ಟೋಬರ್‌ನಲ್ಲಿ, ಅರೇಬಿಕಾ ಕೊಯ್ಲಿಗೆ ಮೊದಲು: ಅಡಿಭಾಗದ ಕೆಸರು ತೊಳೆದು, ಬಣ್ಣದ ಗೆರೆಗಳನ್ನು ನೋಡಿ, ಸಡಿಲಿದ್ದನ್ನು ವಾಹನ ನೆಲದ ಮೇಲಿರುವಾಗಲೇ ಬಿಗಿಯುವುದು.

ಜನವರಿಯಲ್ಲಿ, ಕೊಯ್ಲಿನ ನಡುವೆ: ಗೆರೆಗಳನ್ನೂ ‘ಯು’ ಬೋಲ್ಟುಗಳನ್ನೂ ನೋಡುವುದು.

ಮಾರ್ಚಿಯ ಕೊನೆಯಲ್ಲಿ, ಎಂಜಿನ್ನು ಮತ್ತು ಪೈಪುಗಳ ಸಾಗಣೆ ಮುಗಿದ ಮೇಲೆ: ಸ್ಪ್ರಿಂಗಿನ ಪ್ಲೇಟುಗಳಲ್ಲಿ ಬಿರುಕು ಇದೆಯೇ ಎಂದು ನೋಡುವುದು.

ರೈತ ಬಾಂಧವರು ಗಿಡವನ್ನು ಗುಂಡಿಯಲ್ಲಿ ಇಡುವಾಗ ತಾಯಿಬೇರು ಮಡಚದಂತೆ ನೋಡಿಕೊಳ್ಳುತ್ತಾರೆ. ಬೇರು ಮಡಚಿ ನೆಟ್ಟ ಗಿಡ ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ, ಸೋಲುವುದು ಆಮೇಲೆ. ತಿರುಚಿ ಬಿಗಿದ ಬುಷ್ಷೂ ಹಾಗೆಯೇ, ಗ್ಯಾರೇಜಿನಿಂದ ಹೊರಟ ದಿನ ಯಾವ ದೋಷವನ್ನೂ ತೋರಿಸುವುದಿಲ್ಲ. ಆದುದರಿಂದ ಮುಂದಿನ ಸಲ ಜೀಪನ್ನು ರಿಪೇರಿಗೆ ಬಿಟ್ಟಾಗ, ಬಿಲ್ಲು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿರಿ: ನಟ್ಟು ಬಿಗಿದಾಗ ಚಕ್ರ ನೆಲದ ಮೇಲಿತ್ತೆ? ಇರಲಿಲ್ಲವೆಂದರೆ ಅಲ್ಲಿಯೇ ನಿಂತು, ಸಡಿಲಿಸಿ, ನೆಲದ ಮೇಲೆ ಮತ್ತೊಮ್ಮೆ ಬಿಗಿಸಿಕೊಂಡು ಬನ್ನಿರಿ.